‘ಈ ಮೀಮ್ ಹೀಗೆ ಹೇಳುತ್ತದೆ’ ಅಂತ ಬರೆಯೋಕೆ ನನಗೆ ಹಕ್ಕಿದೆಯಾ?

ಅರ್ಧಂಬರ್ಧ (ಪ್ರಶ್ನೆ)

ಎಂ.ಎ. ಕೊನೇ ಸೆಮಿಸ್ಟರ್. ಪ್ರಬಂಧಕ್ಕೆ ರಾಜಕೀಯ ಮೀಮ್‌ಗಳನ್ನ ಆರಿಸ್ಕೊಂಡಿದೀನಿ. ಫೋನಲ್ಲಿ 340 ಸ್ಕ್ರೀನ್‌ಶಾಟ್ ಕೂಡಿಹಾಕಿದೀನಿ. ಮೊದಲನೇ ಅಧ್ಯಾಯ ಪೂರ್ತಿ ಒಂದೇ ಚಿತ್ರದ ಮೇಲೆ. ನೀವೆಲ್ಲ ನೋಡಿರೋದೇ: ಹುಡುಗಿ ಜೊತೆ ಕೈ ಹಿಡ್ಕೊಂಡು ಹೋಗ್ತಿರೋ ಹುಡುಗ, ಪಕ್ಕದಲ್ಲಿ ಹಾದುಹೋದ ಕೆಂಪು ಬಟ್ಟೆಯವಳನ್ನ ಕತ್ತು ತಿರುಗಿಸಿ ನೋಡ್ತಾನೆ, ಜೊತೆಗಿರೋಳು ಬಾಯಿ ಬಿಟ್ಕೊಂಡು ಅವನ ಮುಖ ನೋಡ್ತಾಳೆ. ಸ್ಪೇನ್‌ನ ಆಂಟೋನಿಯೊ ಗಿಲೆಮ್ ಮಾರಾಟಕ್ಕೆ ಅಂತ ತೆಗೆದ ಸ್ಟಾಕ್ ಫೋಟೋ ಅದು. 2017ರಲ್ಲಿ ಮೀಮ್ ಆಗಿ ಎಲ್ಲ ಕಡೆ ಹಬ್ಬಿತು. ನಾನು ತಗೊಂಡ ಆವೃತ್ತಿಯಲ್ಲಿ ಹುಡುಗನ ಮೇಲೆ ‘ಯುವಜನ’, ಜೊತೆಗಿರೋಳ ಮೇಲೆ ‘ಬಂಡವಾಳಶಾಹಿ’, ಕೆಂಪು ಬಟ್ಟೆಯವಳ ಮೇಲೆ ‘ಸಮಾಜವಾದ’ ಅಂತಿದೆ.

ಫ್ರಾನ್ಸ್‌ನ ಚಿಂತಕ ರೋಲಾಂ ಬಾರ್ತ್ 1964ರ ಒಂದು ಲೇಖನದಲ್ಲಿ ಹೇಳೋದು ಇಷ್ಟು: ಚಿತ್ರಕ್ಕೆ ಹತ್ತಾರು ಅರ್ಥ ಇರುತ್ತೆ, ಕೆಳಗಿನ ಬರಹ ಲಂಗರು ಹಾಕಿದ ಹಾಗೆ ಅದನ್ನ ಒಂದು ಕಡೆ ನಿಲ್ಲಿಸುತ್ತೆ. ಈ ಮೂರು ಚೀಟಿಗಳೇ ಲಂಗರು ಅಂತ ವಾದ ಮಾಡಿ 12 ಪುಟ ಬರೆದೆ. ಆಮೇಲೆ ರೂಮ್‌ಮೇಟ್‌ಗಳಿಬ್ಬರಿಗೆ ಮೀಮ್ ತೋರಿಸಿದೆ. ಎಡಪಂಥದ ಒಬ್ಬಳು ನಕ್ಕು, ‘ನೋಡ್ದಾ, ಹುಡುಗರು ನಮ್ಮ ಕಡೆ ತಿರುಗ್ತಿದಾರೆ’ ಅಂದಳು. ಇನ್ನೊಬ್ಬಳೂ ನಕ್ಕಳು: ‘ಸರಿಯಾಗಿ ಹೇಳಿದಾರೆ, ಜೊತೆಗಿದ್ದೋಳನ್ನ ಬಿಟ್ಟು ಕಂಡೋರ ಹಿಂದೆ ಹೋಗೋ ಚಪಲ.’ ಇಬ್ಬರೂ ‘ನಂಗೆ ಕಳ್ಸು’ ಅಂದ್ರು. ನನ್ನ ಲಂಗರು ಅಲ್ಲೇ ಕಿತ್ತುಹೋಯ್ತು.

ಗೈಡ್ ಮೇಡಂ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದಾರೆ: ‘ಪೋಸ್ಟ್‌ಮಾರ್ಟಂ ಚೆನ್ನಾಗಿದೆ. ಆದರೆ ಸಾವಿಗೆ ಕಾರಣ ನೀನೇ.’ ಎರಡು ದಿನದಿಂದ ಅದನ್ನೇ ನೋಡ್ತಾ ಕೂತಿದೀನಿ. ಇಬ್ಬರಲ್ಲಿ ಯಾರು ಓದಿದ್ದು ಸರಿ? ‘ಈ ಮೀಮ್ ಹೀಗೆ ಹೇಳುತ್ತದೆ’ ಅನ್ನೋ ವಾಕ್ಯ ನಾನು ಬರೆಯಬಹುದಾ?

ಮೂರು ಸೆಕೆಂಡು

ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಯಾವನೋ ಬಸ್ಸಲ್ಲಿ ಕೂತು ಮಾಡಿದ ಮೀಮ್‌ಗೆ ಫ್ರೆಂಚ್ ತತ್ವಜ್ಞಾನಿ ಯಾಕೆ? ನೋಡಿದ್ವಿ, ನಕ್ಕಿದ್ವಿ, ಮುಂದಕ್ಕೆ ಹೋದ್ವಿ. ಸಿಟ್ಟಾಗ್ಬೇಡಿ, 12 ಪುಟ ಅಂದಾಗ ನಗು ಬಂತು ಅಷ್ಟೆ.

ಹಳೇ ಮೇಷ್ಟ್ರು

ಮೂರು ಸೆಕೆಂಡಿನವರೇ, ಮೂರು ಸೆಕೆಂಡಿನಲ್ಲಿ ನಗು ಬರಬೇಕಾದರೆ ತಲೆಯಲ್ಲಿ ಅದಕ್ಕೆ ಮೊದಲೇ ಎಷ್ಟು ತುಂಬಿರಬೇಕು ಯೋಚಿಸಿ. ಅಧ್ಯಯನ ಮಾಡಬೇಕಾದ್ದು ಅದನ್ನೇ.

ಅರ್ಧಂಬರ್ಧ ಅವರೇ, ನಿಮ್ಮ ರೂಮ್‌ಮೇಟ್‌ಗಳ ಜಗಳ ಹಳೆಯದು. ಕಾವ್ಯಪ್ರಕಾಶ ಎಂಬ ಸಂಸ್ಕೃತ ಕಾವ್ಯಶಾಸ್ತ್ರದ ಗ್ರಂಥದಲ್ಲಿ ಮಮ್ಮಟ ಒಂದು ಪುಟ್ಟ ವಾಕ್ಯ ಕೊಡುತ್ತಾನೆ: ‘ಸೂರ್ಯ ಮುಳುಗಿದ’. ದನ ಕಾಯುವವನಿಗೆ ಅದರರ್ಥ ‘ದನಗಳನ್ನು ಕೊಟ್ಟಿಗೆಗೆ ಹೊಡಿ’. ವ್ಯಾಪಾರಿಗೆ ‘ಸರಕು ಕಟ್ಟು’. ಕಾಯುತ್ತಿರುವವಳಿಗೆ ‘ನಿನ್ನವನು ಈಗ ಬರುತ್ತಾನೆ’. ವಾಚ್ಯಾರ್ಥ, ಅಂದರೆ ಪದಗಳ ನೇರ ಅರ್ಥ, ಒಂದೇ; ವ್ಯಂಗ್ಯಾರ್ಥಕ್ಕೆ, ಅಂದರೆ ಅದು ಸೂಚಿಸುವ ಅರ್ಥಕ್ಕೆ, ಲೆಕ್ಕವಿಲ್ಲ. ಅದು ಯಾವುದರಿಂದ ನಿರ್ಧಾರವಾಗುತ್ತದೆ ಎಂಬುದನ್ನೂ ಹೇಳಿದ್ದಾನೆ: ವಕ್ತೃ ಅಂದರೆ ಹೇಳುವವರು ಯಾರು, ಬೋದ್ಧವ್ಯ ಅಂದರೆ ಕೇಳುವವರು ಯಾರು, ಕಾಕು ಅಂದರೆ ದನಿಯ ಏರಿಳಿತ ಹೇಗಿದೆ, ಯಾವ ಪ್ರಸ್ತಾವ ಅಂದರೆ ಸಂದರ್ಭ, ಯಾವ ದೇಶ, ಯಾವ ಕಾಲ.

ಈಗ ನಿಮ್ಮ ಮೀಮ್ ಎದುರಿಗಿಟ್ಟುಕೊಂಡು ಈ ಪಟ್ಟಿಗೆ ಟಿಕ್ ಹಾಕುತ್ತಾ ಬನ್ನಿ. ವಕ್ತೃ? ಗೊತ್ತಿಲ್ಲ, ಯಾರು ಮಾಡಿದ್ದೋ. ಕಾಕು? ಅಕ್ಷರಕ್ಕೆ ದನಿಯೇ ಇಲ್ಲ. ಎರಡು ಕುರ್ಚಿ ಖಾಲಿ! ಖಾಲಿ ಕುರ್ಚಿ ಹಾಗೇ ಉಳಿಯುವುದಿಲ್ಲ; ಕಳಿಸಿದವರು ಬಂದು ಕೂರುತ್ತಾರೆ. ಎಡಪಂಥದ ಗೆಳತಿ ಕಳಿಸಿದರೆ ಅದು ಸಂಭ್ರಮ, ಬಲಪಂಥದ ಚಿಕ್ಕಪ್ಪ ಕಳಿಸಿದರೆ ಅದು ಎಚ್ಚರಿಕೆ. ಫಾರ್ವರ್ಡ್ ಮಾಡಿದವರೇ ಆ ಕ್ಷಣಕ್ಕೆ ವಕ್ತೃ.

ಬ್ರಿಟನ್ನಿನ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಟೀವಿ ಬಗ್ಗೆ ಬರೆದದ್ದನ್ನು ಎರಡನೇ ಅಧ್ಯಾಯಕ್ಕೆ ಇಟ್ಟುಕೊಂಡಿರುತ್ತೀರಿ: ಒಪ್ಪಿ ಓದುವುದು, ಚೌಕಾಸಿ ಮಾಡಿ ಓದುವುದು, ಎದುರು ನಿಂತು ಓದುವುದು. ಹುಷಾರು. ಟೀವಿಯಲ್ಲಿ ಒಂದು ಸಂಸ್ಥೆ ಕೂತು ಸುದ್ದಿ ಕಟ್ಟುತ್ತಿತ್ತು, ಆದ್ದರಿಂದ ‘ಎದುರು’ ಅಂದರೆ ಯಾವುದಕ್ಕೆ ಎಂಬುದು ಸ್ಪಷ್ಟವಿತ್ತು. ನಿಮ್ಮ ಗೆಳತಿಯರಿಬ್ಬರೂ ಎದುರು ನಿಂತಿಲ್ಲ, ಇಬ್ಬರೂ ಒಪ್ಪಿಯೇ ನಕ್ಕಿದ್ದಾರೆ. ಆ ಮೂರು ಗೂಡಿನಲ್ಲಿ ಅವರನ್ನು ಕೂರಿಸಲು ಹೋಗಬೇಡಿ.

ಚೀಟಿ ಅಂಟಿಸದವಳು

ಮೇಷ್ಟ್ರೇ, ನಮಸ್ಕಾರ. ಎಲ್ಲವನ್ನೂ ಫಾರ್ವರ್ಡ್ ಮಾಡಿದವರ ತಲೆಗೆ ಕಟ್ಟಿದ್ರೆ ಚಿತ್ರ ತಪ್ಪಿಸ್ಕೊಳ್ಳುತ್ತೆ.

ಚೀಟಿಗಳನ್ನೆಲ್ಲ ಕಿತ್ತು ನೋಡಿ. ಆಸೆಪಡೋನು ಗಂಡು. ಅವನ ಆಯ್ಕೆಗೆ ನಿಂತಿರೋ ಎರಡು ಸರಕು ಹೆಣ್ಣು. ಒಬ್ಬಳಿಗೆ ಹೊಟ್ಟೆಕಿಚ್ಚು ಬಿಟ್ಟು ಬೇರೆ ಕೆಲಸ ಇಲ್ಲ, ಇನ್ನೊಬ್ಬಳಿಗೆ ಹಾದುಹೋಗೋದು ಬಿಟ್ಟು ಬೇರೆ ಕೆಲಸ ಇಲ್ಲ. ಸಮಾಜವಾದ ಬರೀರಿ, ಬಂಡವಾಳಶಾಹಿ ಬರೀರಿ, ಈ ವ್ಯಾಕರಣ ಮಿಸುಕಲ್ಲ. ನಿಮ್ಮ ರೂಮ್‌ಮೇಟ್‌ಗಳು ಅಷ್ಟು ಜಗಳ ಆಡಿದ್ರೂ ಇದರ ಬಗ್ಗೆ ಇಬ್ಬರೂ ತುಟಿ ಬಿಚ್ಚಲಿಲ್ಲ ನೋಡಿ. ಬಾರ್ತ್‌ನ 1964ರ ಲೇಖನ ಬದಿಗಿಟ್ಟು 1957ರ ‘ಮಿಥಾಲಜೀಸ್’ (ಪುರಾಣಗಳು) ಪುಸ್ತಕಕ್ಕೆ ಹೋಗಿ. ಇತಿಹಾಸದಲ್ಲಿ ಆದದ್ದನ್ನ ಪ್ರಕೃತಿಸಹಜ ಅನ್ನೋ ಹಾಗೆ ತೋರಿಸೋದೇ ಪುರಾಣದ ಕೆಲಸ ಅನ್ನೋ ಮಾತು ಇಲ್ಲಿ ಹೊಂದುತ್ತೆ, ಲಂಗರು ಅಲ್ಲ.

ಇದು ನನ್ನೊಬ್ಬಳ ಕಣ್ಣಿನ ದೋಷ ಅಂತ ಮೂರು ಸೆಕೆಂಡಿನವರು ಅನ್ನಬಹುದು. ಸ್ವೀಡನ್‌ನಲ್ಲಿ ಒಂದು ಕಂಪನಿ ಇದೇ ಚಿತ್ರ ಬಳಸಿ, ಹುಡುಗನ ಮೇಲೆ ‘ನೀನು’ ಅಂತ ಬರೆದು, ಕೆಲಸಕ್ಕೆ ಬನ್ನಿ ಅಂತ ಜಾಹೀರಾತು ಹಾಕಿತ್ತು. 2018ರಲ್ಲಿ ಅಲ್ಲಿನ ಜಾಹೀರಾತು ಒಂಬುಡ್ಸ್‌ಮನ್ (ಜಾಹೀರಾತಿನ ಮೇಲಿನ ದೂರು ವಿಚಾರಿಸೋ ಸಂಸ್ಥೆ) ಅದು ಲಿಂಗ ತಾರತಮ್ಯ ಅಂತ ತೀರ್ಪು ಕೊಟ್ಟಿತು. ಆದ್ದರಿಂದ ಚೀಟಿ ಇಲ್ಲದ ಮೂಲ ಚಿತ್ರದ ಬಗ್ಗೆ, ಅಂದ್ರೆ ಟೆಂಪ್ಲೇಟ್ ಬಗ್ಗೆ, ‘ಈ ಟೆಂಪ್ಲೇಟ್ ಹೀಗೆ ಹೇಳುತ್ತದೆ’ ಅಂತ ಧೈರ್ಯವಾಗಿ ಬರೀರಿ. ‘ಈ ಮೀಮ್’ ಅನ್ನೋವಾಗ ಮಾತ್ರ ಮೇಷ್ಟ್ರ ಮಾತು ಕೇಳಿ.

ಮಾಜಿ ಕೂಲಿ

ಎರಡು ಚುನಾವಣೆಗೆ ಒಂದು ಪಕ್ಷದ ಸೋಷಿಯಲ್ ಮೀಡಿಯಾ ಕೆಲಸ ಮಾಡಿದೀನಿ. ಯಾವುದು ಅಂತ ಕೇಳ್ಬೇಡಿ, ಎರಡನೇ ಸಲದ ಬಾಕಿ ಇನ್ನೂ ಬಂದಿಲ್ಲ.

ಮೇಷ್ಟ್ರ ಖಾಲಿ ಕುರ್ಚಿ ಓದಿ ಮೈ ಜುಮ್ ಅಂತು. ಆ ಕುರ್ಚಿ ಖಾಲಿ ಮಾಡೋಕೇ ನಮಗೆ ಸಂಬಳ ಕೊಡ್ತಿದ್ದದ್ದು. ಡಿಸೈನರ್ ಹುಡುಗ ಮೊದಲು ನೀಟಾಗಿ ಮಾಡಿಕೊಟ್ಟಿದ್ದ, ಒಳ್ಳೇ ಫಾಂಟ್, ಮೂಲೆಯಲ್ಲಿ ಚಿಹ್ನೆ. ನಮ್ಮ ಹೆಡ್ ನೋಡಿ, ‘ಇದು ಪಕ್ಷದ್ದು ಅಂತ ಮುಖದ ಮೇಲೇ ಬರೆದಿದೆಯಲ್ಲಯ್ಯಾ’ ಅಂದ್ರು. ಆಮೇಲೆ ಕಲಿತದ್ದು ಇದು: ಚಿಹ್ನೆ ತೆಗಿ. ಫಾಂಟ್ ಹಾಳು ಮಾಡು. ಒಂದು ಕಾಗುಣಿತ ತಪ್ಪು ಬಿಡು. ನಮ್ಮ ನಮ್ಮೊಳಗೇ ಏಳೆಂಟು ಸಲ ಕಳಿಸಿಕೊಂಡು, ಪ್ರತಿ ಸಲ ಸ್ಕ್ರೀನ್‌ಶಾಟ್ ಹೊಡೆದು, ಅಂಚು ಮಸುಕಾಗಿ ಮೇಲೆ ಬ್ಯಾಟರಿ ಗೆರೆಯ ಚೂರು ಉಳಿದ ಮೇಲೆ ಹೊರಗೆ ಬಿಡು. ಮಾಸಿದ ಚಿತ್ರ ನೋಡಿದೋರು ‘ಎಲ್ಲ ಕಡೆ ಓಡಾಡ್ತಿದೆ’ ಅಂದ್ಕೊಳ್ತಾರೆ. ಜರ್ಮನಿಯ ಕಲಾವಿದೆ ಹೀಟೊ ಸ್ಟೆಯೆರ್ಲ್ 2009ರಲ್ಲಿ ‘ಬಡ ಚಿತ್ರ’ದ ಪರ ಬರೆದ ಪ್ರಬಂಧ ಆಮೇಲೆ ಓದಿದೆ: ಕೈಯಿಂದ ಕೈಗೆ ಹೋಗ್ತಾ ಗುಣಮಟ್ಟ ಕಳ್ಕೊಂಡು ವೇಗ ಗಳಿಸೋ ಚಿತ್ರಗಳ ಬಗ್ಗೆ. ಚೆನ್ನಾಗಿದೆ. ನಾವು ಆ ಬಡತನವನ್ನೇ ಆಫೀಸಲ್ಲಿ ಕೂತು ತಯಾರು ಮಾಡ್ತಿದ್ವಿ.

ಇನ್ನೊಂದು. ಹೆಸರು ಹಾಕ್ತಿರಲಿಲ್ಲ. ‘ಒಬ್ಬರು ಇದಾರೆ’ ಅಂತ ಬಿಡ್ತಿದ್ವಿ. ಕುಂಬಳಕಾಯಿ ಕಳ್ಳ ಅಂದ್ರೆ ಆ ಕಡೆಯೋರು ಹೆಗಲು ಮುಟ್ಟಿ ನೋಡ್ಕೊಂಡು ರೇಗಿ ಉತ್ತರ ಕೊಡ್ತಿದ್ರು. ಆ ಉತ್ತರದ ಸ್ಕ್ರೀನ್‌ಶಾಟೇ ನಿಜವಾದ ಮಾಲು. ಅರ್ಧಂಬರ್ಧ ಮೇಡಂ, ನಿಮ್ಮ 340ರಲ್ಲಿ ಅಂಥದ್ದು ಎಷ್ಟಿವೆ ನೋಡಿ.

ಹಳೇ ಮೇಷ್ಟ್ರು

ಚೀಟಿ ಅಂಟಿಸದವಳಮ್ಮ ಹೇಳಿದ್ದು ಸರಿ, ನಾನು ಚಿತ್ರವನ್ನು ಕೈಬಿಟ್ಟಿದ್ದೆ. ಆದರೂ ಟೆಂಪ್ಲೇಟು ಅಷ್ಟು ಗಟ್ಟಿಯೇನಲ್ಲ ಎಂಬುದಕ್ಕೆ ಒಂದು ಕಪ್ಪೆ ಇದೆ. ಪೆಪೆ. ಮ್ಯಾಟ್ ಫ್ಯೂರಿ 2005ರ ಹೊತ್ತಿಗೆ ಬರೆದ ಕಾಮಿಕ್ಸ್‌ನ ಸೋಮಾರಿ ಪಾತ್ರ. 2016ರಲ್ಲಿ ಯಹೂದಿ ದ್ವೇಷದ ವಿರುದ್ಧ ಕೆಲಸ ಮಾಡುವ ಅಮೆರಿಕದ ಸಂಸ್ಥೆ ಆಂಟಿ ಡಿಫಮೇಷನ್ ಲೀಗ್ ಅದನ್ನು ದ್ವೇಷದ ಚಿಹ್ನೆಗಳ ಪಟ್ಟಿಗೆ ಸೇರಿಸಿತು. ಮರುವರ್ಷ ಬರೆದವನೇ ಅದನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಚಿತ್ರ ಬರೆದ; ಕಪ್ಪೆ ಕೇಳಲಿಲ್ಲ. 2019ರಲ್ಲಿ ಹಾಂಗ್‌ಕಾಂಗ್‌ನ ಹುಡುಗರು ಪ್ರಜಾಪ್ರಭುತ್ವದ ಹೋರಾಟಕ್ಕೆ ಅದೇ ಮುಖ ಹಿಡಿದು ಬೀದಿಗಿಳಿದರು. ಕಣ್ಣು ಅವೇ, ತುಟಿ ಅವೇ. ಎಲ್ಲ ಬಳಕೆಯೂ ದ್ವೇಷದ್ದಲ್ಲ, ಸಂದರ್ಭ ನೋಡಬೇಕು ಎಂದು ಆ ಪಟ್ಟಿ ಮಾಡಿದವರೇ ಬರೆದಿದ್ದಾರೆ. ಪ್ರಸ್ತಾವ, ದೇಶ, ಕಾಲ!

ಅರ್ಧಂಬರ್ಧ

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಫೋಲ್ಡರ್ ಪೂರ್ತಿ ನೋಡಿದೆ.

ಚೀಟಿಗಳನ್ನ ಬೆರಳಲ್ಲಿ ಮುಚ್ಚಿ ನೋಡಿದಾಗ ಕೆಂಪು ಬಟ್ಟೆಯವಳ ಮುಖ ಮಸುಕಾಗಿದೆ ಅನ್ನೋದು ಕಾಣಿಸ್ತು. ಫೋಟೋದಲ್ಲಿ ಅವಳು ಫೋಕಸ್‌ನಲ್ಲೇ ಇಲ್ಲ. 12 ಪುಟ ಬರೆದೋಳಿಗೆ ಇದು ಕಂಡಿರಲಿಲ್ಲ. ಆ ಭಾಗ ಹೊಸದಾಗಿ ಬರೀತಿದೀನಿ, ಆರು ಪುಟಕ್ಕೆ ಇಳಿಸ್ತೀನಿ.

ತೊಂದರೆ ಬೇರೆ ಇದೆ. ಯಾರು ಕಳ್ಸಿದ್ರು, ಯಾವ ಗ್ರೂಪಲ್ಲಿ, ಯಾವ ಮಾತಿನ ಮಧ್ಯೆ ಅಂತ ನಾನು ಬರೆದಿಟ್ಟಿರೋದು 340ರಲ್ಲಿ 11ಕ್ಕೆ ಮಾತ್ರ. ಉಳಿದದ್ದಕ್ಕೆ ಚಿತ್ರ ಚೆನ್ನಾಗಿ ಕಾಣಲಿ ಅಂತ ಸುತ್ತಲಿನ ಹೆಸರು, ಟೈಮು, ಕೆಳಗಿನ ಕಾಮೆಂಟು ಎಲ್ಲ ನಾನೇ ಕತ್ತರಿಸಿಬಿಟ್ಟಿದೀನಿ. ಆ 329 ಇಟ್ಕೊಂಡು ಏನು ಮಾಡ್ಲಿ?

ಮಾಜಿ ಕೂಲಿ

ಡಿಲೀಟ್ ಮಾಡ್ಬೇಡಿ. ಫೋಟೋ ಸೇವ್ ಆದ ದಿನ ಫೋನಲ್ಲಿರುತ್ತೆ, ಆ ದಿನದ ಚಾಟ್‌ಗೆ ಹೋಗಿ ಹುಡುಕಿ. ಒಂದಷ್ಟಾದ್ರೂ ಸಿಗುತ್ತೆ.

ಮೂರು ಸೆಕೆಂಡು

ಅಯ್ಯೋ, ನಿನ್ನೆ ನಾನೂ ಒಂದು ಮೀಮ್ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಇಬ್ಬರು ಗ್ರೂಪ್ ಬಿಟ್ಟುಹೋದ್ರು. ಮೇಷ್ಟ್ರೇ, ಆ ವಕ್ತೃ ಬೋದ್ಧವ್ಯದ ಪಟ್ಟಿ ಇನ್ನೊಂದು ಸಲ ಹಾಕ್ತೀರಾ?