ಪದಚರ್ಚೆ: ‘ವಾಯು ಶೋಧಕ’, ‘ಕ್ರಿಮಿನಾಶಕ ದೀಪ’ – ಇವು ಸರಿಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಂಡ್ಯದ ಒಂದು ಚಿಕಿತ್ಸಾಲಯದಲ್ಲಿ, ರೋಗಿಗಳು ಕಾಯುವ ಕೋಣೆಯ ಗಾಳಿಯನ್ನು ಸ್ವಚ್ಛವಾಗಿಡಲು ಎರಡು ಸಾಧನಗಳನ್ನು ಹಾಕಿದ್ದಾರೆ. ಮೂಲೆಯಲ್ಲಿ ನಿಂತಿರುವುದು ಹೆಪಾ (HEPA – ಹೈ ಎಫಿಶಿಯೆನ್ಸಿ ಪರ್ಟಿಕ್ಯುಲೇಟ್ ಏರ್) ಫಿಲ್ಟರ್ ಇರುವ ಯಂತ್ರ. ಗೋಡೆಯ ಮೇಲುಭಾಗದಲ್ಲಿ, ಏಳಡಿಗೂ ಎತ್ತರದಲ್ಲಿ ಕೂರಿಸಿರುವುದು ನೇರಳಾತೀತ ದೀಪ. ಇವೆರಡನ್ನೂ ವಿವರಿಸುವ ಕನ್ನಡ ಫಲಕವನ್ನು ಬರೆದುಕೊಡಿ ಎಂದು ಅಲ್ಲಿನ ವೈದ್ಯರು ನನಗೆ ಹೇಳಿದ್ದಾರೆ. ಸಾಧನಗಳ ಜೊತೆ ಬಂದ ಕೈಪಿಡಿಯಲ್ಲಿ ಕನ್ನಡವೇನೋ ಇದೆ: ‘ಉನ್ನತ ದಕ್ಷತೆಯ ಕಣೀಯ ವಾಯು ಶೋಧಕ’ ಮತ್ತು ‘ಕ್ರಿಮಿನಾಶಕ ದೀಪ’. ಮೊದಲನೆಯದನ್ನು ಓದಿ ಮುಗಿಸುವಷ್ಟರಲ್ಲಿ ರೋಗಿಯ ಸರದಿ ಬಂದುಬಿಡುತ್ತದೆ. ಎರಡನೆಯದು ತಕ್ಷಣ ಅರ್ಥವಾಗುತ್ತದೆ, ಆದರೆ ತಪ್ಪಾಗಿ. ಅರ್ಥವಾಗದ ಪದಕ್ಕಿಂತ ತಪ್ಪಾಗಿ ಅರ್ಥವಾಗುವ ಪದದ ಬಗ್ಗೆಯೇ ನನಗೆ ಹೆಚ್ಚು ದಿಗಿಲು.

‘ದಕ್ಷತೆ’ಯ ಬಗ್ಗೆ ಉದ್ದನೆಯ ಚರ್ಚೆ ಬೇಡ. ‘ದಕ್ಷ’ ಎಂಬ ವಿಶೇಷಣವನ್ನು ನಮ್ಮ ಪತ್ರಿಕೆಗಳು ವರ್ಗಾವಣೆಯಾದ ಅಧಿಕಾರಿಗಳಿಗೆ ಮೀಸಲಿಟ್ಟಿವೆ. ಅದನ್ನು ಫಿಲ್ಟರಿಗೆ ಅಂಟಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಅಂಕಿಯನ್ನೇ ಕೊಡಬಹುದು: 0.3 ಮೈಕ್ರಾನ್ ಗಾತ್ರದ ಹತ್ತು ಸಾವಿರ ಕಣಗಳು ಒಳಹೊಕ್ಕರೆ ಮೂರಕ್ಕಿಂತ ಹೆಚ್ಚು ಆಚೆ ಬರಬಾರದು, ಅಂದರೆ ಶೇ 99.97ರಷ್ಟು ಸಿಕ್ಕಿಬೀಳಬೇಕು ಎಂಬುದು ಅಮೆರಿಕದಲ್ಲಿ ಹೆಪಾಗೆ ಇಟ್ಟಿರುವ ಅಳತೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಪಕ್ಕದಲ್ಲಿ ಬರೆದರೆ ಗಾತ್ರದ ಅಂದಾಜೂ ಸಿಗುತ್ತದೆ. ‘ಕಣೀಯ’ವನ್ನಂತೂ ಬಿಡಲೇಬೇಕು. ಮಂಡ್ಯದಲ್ಲಿ ಕಣ ಎಂದರೆ ರಾಗಿ, ಭತ್ತ ಒಕ್ಕುವ ಜಾಗ.

ಇನ್ನು ‘ಶೋಧಕ’. ನಮ್ಮ ಕಡೆ ಶೋಧಿಸುವುದು ಎಂದರೆ ಬಟ್ಟೆಯಲ್ಲಿ ಹಾಕಿ ಇಳಿಸುವುದೂ ಹೌದು, ಹುಡುಕುವುದೂ ಹೌದು. ತೆರಿಗೆ ಇಲಾಖೆಯವರು ನಡೆಸುವುದೂ ಶೋಧವೇ. ಅದಕ್ಕಿಂತ ‘ಸೋಸು’ ನನಗೆ ಹಿಡಿಸುತ್ತದೆ. ಮನೆಯಲ್ಲಿ ಕಾಫಿ, ಆಲೆಮನೆಯಲ್ಲಿ ಕಬ್ಬಿನ ಹಾಲು ಸೋಸದವರು ಮಂಡ್ಯ ಜಿಲ್ಲೆಯಲ್ಲಿ ಯಾರಿದ್ದಾರೆ? ‘ಸೋಸುಕ’ ಎಂದು ನಾಮಪದ ಮಾಡಿಕೊಂಡರೆ ಕಿವಿಗೂ ಒರಟಾಗಿಲ್ಲ. ಆದರೆ ತೊಡಕೊಂದಿದೆ. ಶೋಧಿಸು, ಸೋಸು, ಜರಡಿ, ಒಂದರಿ – ಈ ಎಲ್ಲ ಪದಗಳ ಹಿಂದಿರುವ ಚಿತ್ರ ಒಂದೇ: ತೂತಿಗಿಂತ ದೊಡ್ಡದು ಮೇಲುಳಿಯುತ್ತದೆ, ಚಿಕ್ಕದು ಕೆಳಗಿಳಿಯುತ್ತದೆ. ಹೆಪಾ ಫಿಲ್ಟರ್ ಕೆಲಸ ಮಾಡುವುದು ಹಾಗಲ್ಲ.

ಅದರೊಳಗಿರುವುದು ಬಹಳ ತೆಳುವಾದ ನಾರುಗಳ, ಹೆಚ್ಚಾಗಿ ಗಾಜಿನ ನಾರುಗಳ, ಒತ್ತು ಹಾಳೆ. ಹಾಳೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಚೌಕಟ್ಟಿನಲ್ಲಿ ಕೂರಿಸಿರುತ್ತಾರೆ. ನಾರುಗಳ ನಡುವಿನ ಸಂದುಗಳು ಅದು ಹಿಡಿಯುವ ಕಣಗಳಿಗಿಂತ ಎಷ್ಟೋ ದೊಡ್ಡವು. ಹಳೆಯ ಅಡುಗೆಮನೆಯ ಸೂರಿನಲ್ಲಿ ಕಟ್ಟುತ್ತಿದ್ದ ಇಲ್ಲಣವನ್ನು ನೆನೆಯಿರಿ: ಜೇಡನ ಎಳೆಗಳ ನಡುವೆ ಬೇಕಾದಷ್ಟು ಜಾಗವಿದ್ದರೂ ಮಸಿ ಎಳೆಗೇ ಅಂಟಿಕೊಂಡು ನೇತಾಡುತ್ತಿತ್ತು. ಇಲ್ಲಿಯೂ ಕಣ ನಾರಿಗೆ ತಗುಲಬೇಕು, ತಗುಲಿದರೆ ಅಂಟಿಕೊಳ್ಳುತ್ತದೆ, ಅಷ್ಟೆ. ದೊಡ್ಡ ಕಣಕ್ಕೆ ಗಾಳಿಯ ಜೊತೆ ಚಕ್ಕನೆ ತಿರುಗಲಾಗದು. ಗಾಳಿ ನಾರನ್ನು ಬಳಸಿ ಹೋದರೂ ಕಣ ನೇರ ಹೋಗಿ ಬಡಿಯುತ್ತದೆ. ಮಧ್ಯಮ ಗಾತ್ರದ್ದು ಗಾಳಿಯ ಜೊತೆಯೇ ಬಳಸಿ ಹೋಗುವಾಗ ನಾರಿನ ಮೈ ಸವರಿ ಸಿಕ್ಕಿಕೊಳ್ಳುತ್ತದೆ. ತೀರ ಚಿಕ್ಕದಕ್ಕೆ ನೇರ ದಾರಿಯೇ ಇಲ್ಲ. ಗಾಳಿಯ ಅಣುಗಳು ಅದನ್ನು ಅತ್ತಿತ್ತ ತಳ್ಳುತ್ತಲೇ ಇರುತ್ತವೆ, ಹಾಗೆ ಅಂಡಲೆಯುತ್ತ ಯಾವುದೋ ನಾರಿಗೆ ಹೋಗಿ ತಾಗುತ್ತದೆ. ಬ್ರೌನಿಯನ್ ಚಲನೆ ಎಂದು ಓದಿದ್ದೇವಲ್ಲ, ಅದೇ.

ಅಷ್ಟಿಷ್ಟಾದರೂ ನುಸುಳಿಕೊಳ್ಳುವುದು ಈ ಕೊನೆಗಳ ನಡುವೆ ಬರುವ ಕಣ: ಬಡಿಯುವಷ್ಟು ಭಾರವೂ ಇಲ್ಲ, ನಾರನ್ನು ಸವರುವಷ್ಟು ದೊಡ್ಡದೂ ಅಲ್ಲ, ಅಲೆದಾಡುವಷ್ಟು ಹಗುರವೂ ಅಲ್ಲ. ಅದರ ಗಾತ್ರವೇ ಸುಮಾರು 0.3 ಮೈಕ್ರಾನ್. ಪರೀಕ್ಷೆಗೆ ಆ ಅಂಕಿಯನ್ನು ಆರಿಸಿಕೊಂಡಿದ್ದು ಅದಕ್ಕಾಗಿಯೇ. ಜರಡಿಯ ಚಿತ್ರ ಮನಸ್ಸಿನಲ್ಲಿದ್ದವರು ಇದನ್ನು ತಲೆಕೆಳಗಾಗಿ ಓದುತ್ತಾರೆ: ‘0.3ಕ್ಕಿಂತ ಚಿಕ್ಕ ವೈರಾಣು ಇದರಲ್ಲಿ ನುಸುಳಿಬಿಡುತ್ತದೆ’ ಎಂದು. ಕೊರೊನಾ ವೈರಾಣುವಿನ ಗಾತ್ರ ಸುಮಾರು 0.1 ಮೈಕ್ರಾನ್. ಅಷ್ಟು ಚಿಕ್ಕದನ್ನು ಹೆಪಾ ಇನ್ನೂ ಸುಲಭವಾಗಿ ಹಿಡಿಯುತ್ತದೆ. ಮೇಲಾಗಿ ವೈರಾಣು ಒಂಟಿಯಾಗಿ ತೇಲುವುದು ಕಡಿಮೆ. ಉಸಿರಿನ ಹನಿಗಳೊಳಗೆ ಸೇರಿಕೊಂಡೇ ಹೊರಬರುತ್ತದೆ. ಕೋವಿಡ್ ಕಾಲದಲ್ಲಿ ಈ ತಪ್ಪು ವಾದವನ್ನು ಎಷ್ಟು ಮಂದಿ ಎಷ್ಟು ಖಚಿತವಾಗಿ ಮಂಡಿಸಿದರು! ಅವರನ್ನು ದಾರಿ ತಪ್ಪಿಸಿದ್ದು ಈ ಜರಡಿ ಎಂದೇ ನನ್ನ ಅನುಮಾನ.

ಹಾಗಾಗಿ ನನ್ನ ಸದ್ಯದ ನಿಲುವು ಇದು: ಹೆಸರು ‘ಹೆಪಾ ಫಿಲ್ಟರ್’ ಎಂದೇ ಇರಲಿ. ಫಿಲ್ಟರ್ ಕಾಫಿ ಕುಡಿಯುವ ಊರಿನಲ್ಲಿ ಫಿಲ್ಟರ್ ಪರದೇಶಿ ಪದವಲ್ಲ. ಎಚ್ಚರ ಬೇಕಾಗಿರುವುದು ಕ್ರಿಯಾಪದದಲ್ಲಿ. ‘ಗಾಳಿಯನ್ನು ಶುದ್ಧೀಕರಿಸುತ್ತದೆ’ ಎನ್ನುವುದಕ್ಕಿಂತ ‘ಗಾಳಿಯಲ್ಲಿರುವ ಸಣ್ಣ ದೂಳನ್ನೂ ರೋಗಾಣುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ’ ಎಂದರೆ ನಿಜ ಹೇಳಿದಂತಾಗುತ್ತದೆ. ಹಿಡಿದದ್ದು ಅಲ್ಲಿಯೇ ಉಳಿದಿರುತ್ತದೆ, ಆದ್ದರಿಂದ ಫಿಲ್ಟರನ್ನು ಬದಲಿಸಬೇಕು, ಕೊಡವಬಾರದು ಎಂಬುದೂ ಅದೇ ಪದದಿಂದ ತಾನಾಗಿ ಹೊಳೆಯುತ್ತದೆ.

ಇದರ ಜೊತೆಗೇ ಇನ್ನೊಂದು ಕಿರಿಕಿರಿ. ಮಾರುಕಟ್ಟೆಯಲ್ಲಿ ‘ಹೆಪಾ ಟೈಪ್’ ಎಂಬ ಅಗ್ಗದ ಫಿಲ್ಟರುಗಳಿವೆ. ಅವು ಆ ಅಳತೆಯನ್ನು ಮುಟ್ಟಲೇಬೇಕೆಂಬ ಕಟ್ಟುಪಾಡಿಲ್ಲ. ಜಾಹೀರಾತುಗಳು ಇದನ್ನು ‘ಹೆಪಾ ಮಾದರಿಯ ಫಿಲ್ಟರ್’ ಎಂದು ಅನುವಾದಿಸುತ್ತವೆ. ಕನ್ನಡದಲ್ಲಿ ಮಾದರಿ ಎಂದರೆ ಮೆಚ್ಚುಗೆಯ ಪದ, ಮಾದರಿ ಶಾಲೆ, ಮಾದರಿ ಗ್ರಾಮ ಎಂಬಂತೆ. ಕಡಿಮೆಯದನ್ನು ಸೂಚಿಸಬೇಕಾದ ಪದ ಇಲ್ಲಿ ಹೆಚ್ಚಿನದನ್ನು ಸೂಚಿಸುತ್ತಿದೆ.

ಈಗ ದೀಪಕ್ಕೆ ಬರುತ್ತೇನೆ. ‘ಕ್ರಿಮಿನಾಶಕ’ ಎಂಬುದನ್ನು ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ರೈತರು ಗೊಬ್ಬರದ ಅಂಗಡಿಯ ಬೋರ್ಡಿನಲ್ಲಿ ದಿನವೂ ಓದುತ್ತಾರೆ. ಅದು ಬೆಳೆಗೆ ಹೊಡೆಯುವ ಔಷಧ. ಅದಕ್ಕೆ ‘ದೀಪ’ ಸೇರಿದರೆ ಕಣ್ಣಮುಂದೆ ಬರುವುದು ಸಿಹಿತಿಂಡಿಯ ಅಂಗಡಿಯಲ್ಲಿ ತೂಗುಹಾಕಿದ, ನೊಣಗಳನ್ನು ಸೆಳೆದು ಸುಡುವ ನೀಲಿ ದೀಪ. ಎರಡರ ಬೆಳಕೂ ನೋಡಲು ಹೆಚ್ಚು ಕಡಿಮೆ ಒಂದೇ. ನೊಣದ ದೀಪ ಸೂಸುವುದು 365 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ, ನೇರಳಾತೀತದಲ್ಲಿ ಎ ವರ್ಗದ ಕಿರಣ, ಅದರ ಕೆಳಗೆ ನಿಂತು ಮೈಸೂರುಪಾಕು ಕೊಳ್ಳಲು ಯಾರೂ ಅಂಜಬೇಕಿಲ್ಲ. ಚಿಕಿತ್ಸಾಲಯದ ದೀಪದ್ದು ಸಿ ವರ್ಗದ ಕಿರಣ, ಸುಮಾರು 254 ನ್ಯಾನೊಮೀಟರ್. ಅದು ನೇರವಾಗಿ ಬಿದ್ದರೆ ಕೆಲವು ಗಂಟೆಗಳ ಬಳಿಕ ಕಣ್ಣಿನಲ್ಲಿ ಮರಳು ಹೊಕ್ಕಂತೆ ಉರಿ ಹತ್ತುತ್ತದೆ, ಚರ್ಮ ಕೆಂಪಾಗುತ್ತದೆ. ಕಿರಣವೆಲ್ಲ ಜನರ ತಲೆಗಿಂತ ಮೇಲೆ, ಸೂರಿಗೆ ಹತ್ತಿರದ ಗಾಳಿಯಲ್ಲೇ ಹರಡುವಂತೆ ಅದನ್ನು ಎತ್ತರದಲ್ಲಿ ಕೂರಿಸುವುದು ಇದಕ್ಕೇ. ಫ್ಯಾನು ಗಾಳಿಯನ್ನು ಮೇಲೆ ಕೆಳಗೆ ಕಲಕುತ್ತದೆ, ಮೇಲೆ ಹೋದ ಗಾಳಿಗೆ ಕಿರಣ ತಾಗುತ್ತದೆ. ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ಬೆಳೆಸಿದ ವಿಧಾನವಿದು; ಫಿಲಡೆಲ್ಫಿಯಾ ಸುತ್ತಲಿನ ಶಾಲೆಗಳಲ್ಲಿ ದಡಾರದ ವಿರುದ್ಧ ಇದನ್ನು ಪ್ರಯೋಗಿಸಿ ನೋಡಿದರು. ಎರಡು ದೀಪಗಳ ವ್ಯತ್ಯಾಸ ತಿಳಿಯದವರು ಚಿಕಿತ್ಸಾಲಯದ ದೀಪ ಉರಿಯುತ್ತಿರುವಾಗಲೇ ಏಣಿ ಹಾಕಿ ದೂಳು ಒರೆಸಲು ಹೋದರೆ?

‘ಕ್ರಿಮಿ’ ಬೇಡವೆಂದರೆ ‘ರೋಗಾಣು’ ಇದೆ. ‘ನಾಶ’ದ ಬಗ್ಗೆ ನನಗೆ ಇನ್ನೂ ಅನುಮಾನ. ಈ ಕಿರಣ ರೋಗಾಣುವಿನ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಆಮೇಲೆ ಅದಕ್ಕೆ ತನ್ನ ನಕಲನ್ನು ಮಾಡಿಕೊಳ್ಳಲಾಗದು, ಆದ್ದರಿಂದ ಸೋಂಕು ಹರಡಲಾರದು. ಆದರೆ ಅದರ ದೇಹ ಗಾಳಿಯಲ್ಲಿಯೇ ಇರುತ್ತದೆ. ಸುಟ್ಟು ಬೂದಿಯಾಗುವುದಿಲ್ಲ, ಮಾಯವಾಗುವುದೂ ಇಲ್ಲ. ನಿಜ ಹೇಳಬೇಕೆಂದರೆ ಇದು ರೋಗಾಣುವಿಗೆ ಮಾಡುವ ಸಂತಾನಹರಣ ಚಿಕಿತ್ಸೆ! ಫಲಕದಲ್ಲಿ ಹಾಗೆ ಬರೆದರೆ ಕೋಣೆಯೇ ಖಾಲಿಯಾದೀತು. ‘ನಿಷ್ಕ್ರಿಯಗೊಳಿಸುತ್ತದೆ’ ಸರಿಯಾದ ಪದವಾದರೂ ಸರ್ಕಾರಿ ಸುತ್ತೋಲೆಯ ವಾಸನೆ. ಮಂಡ್ಯದಲ್ಲಿ ಆಗಲೇ ಬೇರೂರಿರುವ ‘ಸೋಂಕು ನಿವಾರಣೆ’ಯನ್ನೇ ಎತ್ತಿಕೊಳ್ಳೋಣ ಎನಿಸುತ್ತಿದೆ. ರೇಷ್ಮೆ ಸಾಕುವವರು ಪ್ರತಿ ಬೆಳೆಗೂ ಮೊದಲು ಹುಳುಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದಕ್ಕೆ ಹೇಳುವುದು ಅದನ್ನೇ. ಕಣ್ಣಿಗೆ ಕಾಣದ ರೋಗದ ಮೂಲವನ್ನು ಮೊದಲೇ ತಡೆಯುವುದು ಎಂಬ ಅರ್ಥ ಅಲ್ಲಿ ಗಟ್ಟಿಯಾಗಿ ಕೂತಿದೆ.

‘ಅತಿನೇರಳೆ’ಯೋ ‘ನೇರಳಾತೀತ’ವೋ? ಕನ್ನಡದ ನೇರಳೆಗೆ ಸಂಸ್ಕೃತದ ಅತೀತವನ್ನು ಹೊಲಿದ ಎರಡನೆಯದು ಅರಿಸಮಾಸ ಎಂದು ಬಳಗದ ಕೆಲವರು ಹುಬ್ಬು ಗಂಟಿಕ್ಕುವುದು ಗೊತ್ತು. ಆದರೂ ನನ್ನ ಮತ ಅದಕ್ಕೇ. ಅತಿನೇರಳೆ ಎಂದರೆ ಓದುವವರಿಗೆ ‘ತುಂಬಾ ನೇರಳೆ’. ಬಣ್ಣ ಗಾಢವಾದಷ್ಟೂ ದೀಪ ಚುರುಕು ಎಂಬ ಭ್ರಮೆಗೆ ಅದು ದಾರಿ. ನಾವು ಕಾಣುವ ನೀಲಿ ಹೊಳಪು ಪಾದರಸದ ಆವಿ ಜೊತೆಯಲ್ಲಿ ಸೂಸುವ ಬೇರೆ ಬೆಳಕು, ಕೆಲಸ ಮಾಡುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. 1801ರಲ್ಲಿ ಜರ್ಮನಿಯ ವಿಜ್ಞಾನಿ ರಿಟ್ಟರ್ ಇದನ್ನು ಕಂಡುಹಿಡಿದದ್ದೂ ಹಾಗೆಯೇ: ಬಣ್ಣದ ಪಟ್ಟಿಯಲ್ಲಿ ನೇರಳೆ ಮುಗಿದ ಆಚೆ, ಬೆಳಕೇ ಕಾಣದ ಕಡೆ ಇಟ್ಟ ಬೆಳ್ಳಿಯ ಲವಣ ಎಲ್ಲಕ್ಕಿಂತ ಬೇಗ ಕಪ್ಪಾಯಿತು. ‘ನೇರಳೆಯಾಚೆಯ ಕಿರಣ’ ಎಂದರೆ ಇನ್ನೂ ಅಚ್ಚುಕಟ್ಟು, ಒಪ್ಪುವವರು ಇದ್ದಾರೆಯೇ? ‘ದೀಪ’ವನ್ನೂ ಬಿಡಬಹುದೇನೋ. ದೀಪವೆಂದರೆ ಹಗಲಲ್ಲಿ ಆರಿಸುವುದು ನಮ್ಮ ಸಂಸ್ಕಾರ. ಕೋಣೆ ತುಂಬಿರುವ ಹೊತ್ತಿನಲ್ಲೇ ಯಾರಾದರೂ ಕರೆಂಟು ಉಳಿಸಲು ಹೋದಾರು.

ಕೊನೆಯದು ‘ಗಂಟೆಗೆ ಆರು ಹವಾ ಬದಲಾವಣೆ’ ಎಂಬ ಕೈಪಿಡಿಯ ಮಾತು. ಮೈಸೂರಿನ ಹಳಬರಿಗೆ ಹವಾ ಬದಲಾವಣೆ ಎಂದರೆ ಕಾಯಿಲೆಯಿಂದ ಎದ್ದವರು ಬೇರೆ ಊರಿಗೆ ಹೋಗಿ ಇದ್ದು ಬರುವುದು. ಕೆಆರ್‌ಎಸ್ ರಸ್ತೆಯ ಕ್ಷಯರೋಗಿಗಳ ಆಸ್ಪತ್ರೆ ಪಿ.ಕೆ. ಸ್ಯಾನಿಟೋರಿಯಂ ಹೆಸರು ಕೇಳಿ ಬೆಳೆದವರಿಗೆ ಬೇರೆ ಅರ್ಥ ಹೊಳೆಯಲಾರದು. ಇಲ್ಲಿ ಅದು ಲೆಕ್ಕ: ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ ಗಾಳಿ, ಯಂತ್ರ ನಿಮಿಷಕ್ಕೆ 120 ಘನ ಅಡಿ ಸೋಸಿದರೆ ಗಂಟೆಗೆ ಆರು ಸಲ. ಆದರೆ ‘ಬದಲಾವಣೆ’ ಎಂದೊಡನೆ ಹಳೆಯದೆಲ್ಲ ಹೋಗಿ ಹೊಸದು ಬಂತು ಎನಿಸುತ್ತದೆ. ಸೋಸಿದ ಗಾಳಿ ಸೋಸದ್ದರ ಜೊತೆ ಬೆರೆಯುತ್ತಲೇ ಇರುವುದರಿಂದ ಗಾಳಿಯಲ್ಲಿದ್ದ ಕಣಗಳಲ್ಲಿ ಒಂದು ಸಲಕ್ಕೆ ಹೋಗುವುದು ಸುಮಾರು ಶೇ 63 ಮಾತ್ರ, ಶೇ 99 ಹೋಗಲು ಈ ವೇಗದಲ್ಲಿ 46 ನಿಮಿಷ ಬೇಕು. ಇಂಗಾಲದ ಡೈಆಕ್ಸೈಡ್ ಎಷ್ಟು ಹೊತ್ತು ಓಡಿಸಿದರೂ ಹೋಗುವುದಿಲ್ಲ, ಅದಕ್ಕೆ ಕಿಟಕಿಯೇ ಗತಿ. ‘ಸುತ್ತು’ ಎಂದರೆ ಹೇಗೆ? ‘ಗಂಟೆಗೆ ಆರು ಸುತ್ತು ಗಾಳಿ’.

ಹೀಗೆ ಫಲಕದ ಕರಡು ಸದ್ಯಕ್ಕೆ: ‘ಈ ಯಂತ್ರ ಗಾಳಿಯಲ್ಲಿರುವ ಸಣ್ಣ ದೂಳನ್ನೂ ರೋಗಾಣುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೇಲಿರುವ ಟ್ಯೂಬಿನ ನೇರಳಾತೀತ ಕಿರಣ ಗಾಳಿಯ ಸೋಂಕು ನಿವಾರಿಸುತ್ತದೆ. ಇದು ನೊಣದ ದೀಪವಲ್ಲ. ಉರಿಯುತ್ತಿರುವಾಗ ಹತ್ತಿರ ಹೋಗಬೇಡಿ, ಆರಿಸಲೂ ಬೇಡಿ. ಕಿಟಕಿ ತೆರೆದಿರಲಿ.’

ಮಂಡ್ಯದ ಕಡೆಯವರು ದಯವಿಟ್ಟು ತಿಳಿಸಿ: ‘ಸೋಂಕು ನಿವಾರಣೆ’ ಎಂದರೆ ನಿಮ್ಮ ಮನೆಯ ಹಿರಿಯರಿಗೆ ಗಾಳಿಯ ವಿಚಾರದಲ್ಲೂ ಒಗ್ಗುತ್ತದೆಯೇ, ಇಲ್ಲ ಅದು ತೊಳೆಯುವುದಕ್ಕೇ ಸೀಮಿತವೇ? ‘ಹೆಪಾ ಟೈಪ್’ಗೆ ‘ಹೆಪಾದಂಥ’ ಎನ್ನುವುದಕ್ಕಿಂತ ಚುರುಕಾದದ್ದು ಹೊಳೆದರೆ ಅದನ್ನೂ ಬರೆಯಿರಿ. ಫಲಕ ಬರೆಯುವವರು ಮುಂದಿನ ವಾರ ಬಣ್ಣ ಕಲಸುತ್ತಾರಂತೆ.