ರೇಸಿನ ಪಟ್ಟಿ ನೋಡಿ ಮನಸ್ಸು ಮುದುಡಿದಾಗ: ಹ್ಯಾಂಡ್‌ಸೈಕಲ್ ಸವಾರನಿಗೆ ತಿಳಿದವರ ಮಾತು

ಕೇಳಿದ್ದು, ಕಾರವಾರದಿಂದ: ಬೆನ್ನುಹುರಿಗೆ ಪೆಟ್ಟು, ಟಿ10 (ಎದೆಭಾಗದ ಹತ್ತನೆಯ ಬೆನ್ನುಮೂಳೆಯ ಮಟ್ಟ). ಮಲಗಿ, ಕೈಯಿಂದ ತಿರುಗಿಸಿ ಓಡಿಸುವ ಮೂರು ಚಕ್ರದ ಹ್ಯಾಂಡ್‌ಸೈಕಲ್. 20 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಓಡಿಸಿ ಸಮಯ ಹಿಡಿಯುವ ಸ್ಪರ್ಧೆ) ಕೊನೆಯಿಂದ ಎರಡನೆಯವ. ಮುಗಿಸಿದೆ ಅಂತ ಖುಷಿ, ಪಟ್ಟಿ ನೋಡಿದರೆ ನಾಚಿಕೆ. ಎಚ್1ರಿಂದ ಎಚ್4ರವರೆಗೆ (ದೇಹದ ಹಿಡಿತ ನೋಡಿ ಮಾಡಿದ ಸವಾರರ ವರ್ಗಗಳು) ಎಲ್ಲರದ್ದೂ ಒಂದೇ ಪಟ್ಟಿ. ಅರ್ಧದ ನಂತರ ವೇಗವೇ ಬರಲಿಲ್ಲ, ಬಲ ಭುಜ ಇನ್ನೂ ನೋಯುತ್ತದೆ. ಮುಂದಿನ ರೇಸಿಗೆ ಹೆಸರು ಕೊಡಲೋ, ಬಿಡಲೋ?

ಅಂಕೋಲೆಯಿಂದ: ತಮ್ಮಾ, ಆ ಪಟ್ಟಿ ಮೊದಲು ಒಡೆದು ನೋಡು. ಟಿ10ರ ಪೂರ್ಣ ಪೆಟ್ಟಾದರೆ (ಅದರ ಕೆಳಗೆ ಚಲನೆ, ಸ್ಪರ್ಶ ಪೂರ್ತಿ ಹೋಗಿದ್ದರೆ) ಸಾಮಾನ್ಯವಾಗಿ ಎಚ್3. ಎಚ್4ರವರಿಗೆ ಸೊಂಟದ ಹಿಡಿತ ಹೆಚ್ಚು. ಅವರ ಜೊತೆ ಸ್ಥಾನ ಎಣಿಸಿ ಏನು ಮಾಡುತ್ತೀಯ? ಎಚ್3ರ ಸಮಯ ಮಾತ್ರ ಬರೆದುಕೋ. ಮೊದಲಿಗನದ್ದು 40 ನಿಮಿಷ, ನಿನ್ನದು 48 ಆದರೆ ಅಂತರ ಶೇ. 20. ಸ್ಥಾನ ಯಾರು ಬಂದರು, ಯಾರು ಬರಲಿಲ್ಲ ಎನ್ನುವುದರ ಮೇಲೆ ಏರಿಳಿಯುತ್ತದೆ. ಮುಂದಿನ ಸಲ ಹೋಲಿಸಲಿಕ್ಕೆ ಈ ಶೇಕಡವೇ ಒಳ್ಳೆಯದು. ಹೋಗುವಾಗಿನ, ಬರುವಾಗಿನ ವೇಗವನ್ನೂ ಬೇರೆ ಮಾಡು. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಸಮುದ್ರದ ಗಾಳಿ ಎದುರಾದರೆ ಆರೋಗ್ಯವಂತ ತೋಳೂ ಸೋಲುತ್ತದೆ.

ಕೋಡಿಬಾಗದಿಂದ, ಸೈಕಲ್ ರಿಪೇರಿಯವರು: ತೋಳನ್ನು ಬೈಯುವ ಮೊದಲು ಚಕ್ರ ನೋಡಿ. ಹಿಂದಿನ ಎರಡು ಚಕ್ರ ಸಮಾನಾಂತರ ಇಲ್ಲದಿದ್ದರೆ ಟೈರು ರಸ್ತೆಗೆ ತೇಯುತ್ತ ಓಡುತ್ತದೆ. ಎಷ್ಟು ತಿರುಗಿಸಿದರೂ ವೇಗ ಬರುವುದಿಲ್ಲ. ಅಳೆಯುವಾಗ ಸವಾರ ಕುಳಿತಿರಬೇಕು, ಟೈರಿನ ಗಾಳಿ ರೇಸಿನಷ್ಟೇ ಇರಬೇಕು. ಎರಡೂ ಟೈರಿನ ಮುಂಭಾಗದಲ್ಲಿ, ಆಕ್ಸಲ್ ಎತ್ತರಕ್ಕೆ ಸರಿಯಾಗಿ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಅರ್ಧ ಸುತ್ತು ಮುಂದೆ ದೂಡಿ. ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಗುರುತು ಬದಲಿಸಿದರೆ ರಿಮ್ಮಿನ ಸೊಟ್ಟವೂ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ. ಎರಡು ಮೂರು ಮಿ.ಮೀ. ವ್ಯತ್ಯಾಸ ಕಂಡರೂ ಸರಿ ಮಾಡಿಸಿ. ಹಿಂಚಕ್ರ ವಾಲಿಸಿ ಕೂರಿಸಿದ ಗಾಡಿಯಲ್ಲಿ ಮುಂದಿನ ಟೈರನ್ನು ದಪ್ಪದ್ದಕ್ಕೆ ಬದಲಿಸಿದರೂ ಚೌಕಟ್ಟು ಓರೆಯಾಗಿ ಅಳತೆ ತಪ್ಪುತ್ತದೆ. ಇದು ಯಾರಿಗೂ ಹೊಳೆಯುವುದಿಲ್ಲ! ಉಪ್ಪುಗಾಳಿಗೆ ಹಬ್ಬಿನ ಬೇರಿಂಗೂ ಬೇಗ ಕಚ್ಚುತ್ತದೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಓಡಿಸಿ ನೋಡಲಿಕ್ಕೆ ಬಿಣಗಾ ಕಡೆಯ ಸುರಂಗದತ್ತ ಬೇಡ. ಲಾರಿಯವರಿಗೆ ಅಷ್ಟು ತಗ್ಗಿನ ಗಾಡಿ ಕಾಣುವುದಿಲ್ಲ. ಎಲ್ಲೇ ಹೋದರೂ ಎತ್ತರದ ಬಾವುಟ ಕಟ್ಟಿ.

ಶಿರಸಿಯಿಂದ, ಫಿಸಿಯೋಥೆರಪಿ ಮಾಡುವವರು: ಹಿಡಿಕೆ ತೀರ ದೂರ ಹೋದಾಗಲೂ ಮೊಣಕೈ ಸ್ವಲ್ಪ ಬಾಗಿಯೇ ಇರಬೇಕು, ಭುಜ ಸೀಟಿನಿಂದ ಎದ್ದು ಬಂದರೆ ಕ್ರ್ಯಾಂಕ್ (ಹಿಡಿಕೆ ಹಿಡಿದು ತಿರುಗಿಸುವ ಭಾಗ) ದೂರವಾಗಿದೆ ಎಂದರ್ಥ. ಕ್ರ್ಯಾಂಕಿನ ನಡುಬಿಂದು ಭುಜದ ಮಟ್ಟಕ್ಕೋ, ತುಸು ಕೆಳಗೋ ಇರಲಿ. ಗಟ್ಟಿ ಗೇರಿನಲ್ಲಿ ನಿಧಾನ ತಿರುಗಿಸುವ ಅಭ್ಯಾಸವೂ ಭುಜ ತಿನ್ನುತ್ತದೆ. ಸೈಕಲ್ ನಿಲ್ಲಿಸಿದರೂ ಮಂಚದಿಂದ ವೀಲ್‌ಚೇರಿಗೆ ದಾಟುವುದು ಅದೇ ಭುಜದಿಂದಲ್ಲವೇ? ಹಾಗಾಗಿ ವರ್ಗಾವಣೆ ಹಲಗೆ (ಮೇಲೆ ಜಾರಿಕೊಂಡು ದಾಟುವ ಹಲಗೆ) ಬಳಸಿ. ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ವೈದ್ಯರಿಗೆ ತೋರಿಸಿ.

ಶಿರಸಿಯವರದ್ದೇ ಮುಂದಿನ ಮಾತು: ಅರ್ಧದಲ್ಲಿ ಕುಸಿದದ್ದಕ್ಕೆ ಸೆಕೆಯ ಮೇಲೂ ಅನುಮಾನವಿದೆ. ಪೆಟ್ಟಿನ ಮಟ್ಟದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ತಣಿಯುವ ಜಾಗವೇ ಕಡಿಮೆ. ಅದರ ಮೇಲೆ ಮೂತ್ರಕ್ಕೆ ಜಾಗ ಸಿಗಲಿಕ್ಕಿಲ್ಲ ಎಂದು ಬೆಳಗ್ಗೆಯಿಂದ ನೀರೇ ಕುಡಿಯದವರು ಬಹಳ. ಹಾಗೆ ಮಾಡಬೇಡಿ, ಹೊರಡುವ ಮೊದಲು ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿ ಮೂತ್ರಚೀಲ ಖಾಲಿ ಮಾಡಿ, ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಮುಖ, ಕುತ್ತಿಗೆ, ತೋಳಿಗೆ ನೀರು ಚಿಮುಕಿಸುವ ಬಾಟಲಿ ಜೊತೆಗಿರಲಿ. ರೇಸಾದ ಮೇಲೆ ಕನ್ನಡಿಯಲ್ಲಿ ಬೆನ್ನಿನ ಕೆಳಭಾಗ ನೋಡಿ. ಅರ್ಧ ತಾಸಾದರೂ ಮಾಯದ ಕೆಂಪು ಇದ್ದರೆ ಅದು ಒತ್ತಡದ ಹುಣ್ಣಿನ ಮುನ್ಸೂಚನೆ, ಆ ಚರ್ಮ ಮೊದಲಿನಂತೆ ಆಗುವತನಕ ಸೈಕಲ್ ಹತ್ತಬೇಡಿ.

ಮತ್ತೆ ಅಂಕೋಲೆಯಿಂದ: ಖುಷಿ, ನಾಚಿಕೆ ಎರಡೂ ಇರಲಿ ಬಿಡು, ಒಂದನ್ನು ಓಡಿಸಲೇಬೇಕೆಂದಿಲ್ಲ. ಆದರೆ ಈ ವಾರ ಏನೂ ತೀರ್ಮಾನ ಬೇಡ. ಸಿಟ್ಟಿಗೆ ಗಾಡಿ ಮಾರಿದವರೂ ಇದ್ದಾರೆ ಮಾರಾಯ. ಭುಜದ ನೋವು ಇಳಿದು, ಚಕ್ರ ಸರಿಯಾದ ಮೇಲೆ ಮುಂಜಾನೆ ಗಾಳಿ ಏಳುವ ಮೊದಲು 10 ಕಿ.ಮೀ. ಸಮಯ ಹಿಡಿ. ರೇಸಿನ ಮೊದಲರ್ಧಕ್ಕಿಂತ ಸುಧಾರಿಸಿದ್ದರೆ ಹೆಸರು ಕೊಡು. ಕೊಡುವಾಗಲೇ ಆಯೋಜಕರನ್ನು ಕೇಳು: ಎಚ್3ಕ್ಕೆ ಬೇರೆ ಪಟ್ಟಿ ಇದೆಯೇ, ಓಟ ಎಷ್ಟು ಗಂಟೆಗೆ, ವೀಲ್‌ಚೇರ್ ಒಳಗೆ ಹೋಗುವ ಶೌಚಾಲಯ ಆರಂಭದ ಗೆರೆಯಿಂದ ಎಷ್ಟು ದೂರ.