ಅಮ್ಮ ಬಂಗುಡೆ ಬಿಟ್ಟು ಮೂರು ವಾರ ಆಯಿತು, ಫುಕುಶಿಮಾ ಬಗ್ಗೆ ಹೇಗೆ ಹೇಳುವುದು?

ಸುರತ್ಕಲ್‌ನವ:
ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ದೊಡ್ಡಮ್ಮ ಫುಕುಶಿಮಾದ್ದು, ಅಂದರೆ 2011ರ ಸುನಾಮಿಗೆ ಹಾಳಾದ ಜಪಾನಿನ ಅಣುಸ್ಥಾವರದ್ದು ಅಂತ ಒಂದು ಮ್ಯಾಪ್ ಹಾಕಿದ್ದಾರೆ. ಜಪಾನಿನಿಂದ ಕೆಂಪು, ನೇರಳೆ ಬಣ್ಣ ಪೆಸಿಫಿಕ್ ತುಂಬಾ ಹರಡಿದೆ, ಕೆಳಗೆ "ಅಣು ವಿಷ ಸಮುದ್ರಕ್ಕೆ ಸೇರಿತು, ಮೀನು ತಿನ್ನಬೇಡಿ, ಉಪ್ಪು ಈಗಲೇ ತಂದಿಟ್ಟುಕೊಳ್ಳಿ" ಅಂತ. ಅಮ್ಮ ಅವತ್ತೇ ಆರು ಕೆಜಿ ಉಪ್ಪು ತರಿಸಿದರು. ಮೀನಿನವಳು ಗೇಟಿನ ಹತ್ತಿರ ನಿಂತು ಕೂಗಿದರೂ ಹೊರಗೆ ಹೋಗುವುದಿಲ್ಲ. ಸುಳ್ಳು ಅಂದರೆ "ಟಿವಿಯಲ್ಲೂ ಬಂತಲ್ಲ" ಅನ್ನುತ್ತಾರೆ. ಇದರಲ್ಲಿ ನಿಜ ಎಷ್ಟು?

ದಕ್ಕೆ ಗೆಳೆಯ:
ಆ ಮ್ಯಾಪ್ ರೇಡಿಯೇಷನ್‌ದೇ ಅಲ್ಲ ಮಾರಾಯ್ರೆ! 2011ರ ಮಾರ್ಚ್ 11ರ ಸುನಾಮಿಯ ಅಲೆ ಎಲ್ಲೆಲ್ಲಿ ಎಷ್ಟು ಎತ್ತರ ಎದ್ದಿತು ಅಂತ ಅಮೆರಿಕದ ನೋವಾ ಸಂಸ್ಥೆ ಮಾಡಿದ ಚಿತ್ರ ಅದು. ಪೂರ್ತಿ ಚಿತ್ರದಲ್ಲಿ ಬಣ್ಣದ ಪಟ್ಟಿಯ ಪಕ್ಕ ಸೆಂಟಿಮೀಟರ್ ಅಂತ ಇದೆ. ರೇಡಿಯೇಷನ್ ಅನ್ನು ಯಾರಾದರೂ ಸೆಂಟಿಮೀಟರ್‌ನಲ್ಲಿ ಅಳೆಯುತ್ತಾರಾ? ಅದನ್ನೇ ಅಮ್ಮನಿಗೆ ತೋರಿಸಿ.

ಎಕ್ಸ್‌ರೇ ರೂಮ್:
ಇಪ್ಪತ್ತು ವರ್ಷದಿಂದ ಇದೇ ಕೆಲಸ ನನ್ನದು, ಎದೆಗೆ ರೇಡಿಯೇಷನ್ ಅಳೆಯುವ ಬ್ಯಾಡ್ಜ್ ಹಾಕಿಕೊಂಡೇ ಓಡಾಡುತ್ತೇನೆ. ಟಿವಿಯವರ ದೊಡ್ಡ ತಪ್ಪು "ಇಷ್ಟು ಪಟ್ಟು ಜಾಸ್ತಿ" ಅನ್ನುವುದು. ಯಾವುದಕ್ಕಿಂತ, ಎಷ್ಟು ಹೊತ್ತು, ಮೈಗೆ ಎಷ್ಟು ತಾಗಿತು, ಇದು ಯಾವುದನ್ನೂ ಹೇಳುವುದಿಲ್ಲ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಸ್ಥಾವರ ನಡೆಸುವ ಟೆಪ್ಕೊ ಕಂಪನಿಯೇ ಒಂದು ರಿಯಾಕ್ಟರ್‌ನ ನೀರಿನಲ್ಲಿ ಮಾಮೂಲಿಗಿಂತ 1 ಕೋಟಿ ಪಟ್ಟು ಅಂತ ಹೇಳಿ, ಅದೇ ದಿನ ತಪ್ಪಾಯಿತು, 1 ಲಕ್ಷ ಪಟ್ಟು ಅಂದಿತು. ಮೊದಲನೆಯದು ಲೋಕವೆಲ್ಲಾ ಸುತ್ತಿತು, ಎರಡನೆಯದು ಯಾರಿಗೆ ನೆನಪಿದೆ? ಮೈಗೆ ತಾಗಿದ ರೇಡಿಯೇಷನ್ ಅಳೆಯುವ ಮಿಲಿಸೀವರ್ಟ್, ಮೈಕ್ರೋಸೀವರ್ಟ್ ಅದಲು ಬದಲಾದರಂತೂ ಸಾವಿರ ಪಟ್ಟು ವ್ಯತ್ಯಾಸ.

ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್. ಸುಮ್ನೆ ಮನೆಯಲ್ಲಿ ಕೂತರೂ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ನಮ್ಮ ಉಳ್ಳಾಲದ ಮರಳಿನಲ್ಲೇ ಮೋನಜೈಟ್ ಅನ್ನುವ ಖನಿಜ ಇದೆ, ಅದರೊಳಗೆ ರೇಡಿಯೇಷನ್ ಸೂಸುವ ಥೋರಿಯಂ. ಸಂಜೆ ಅಲ್ಲಿ ಚರುಮುರಿ ತಿನ್ನುವಾಗ ಯಾರೂ ಹೆದರುವುದಿಲ್ಲ ಅಲ್ವಾ?

ಇನ್ನು ಫುಕುಶಿಮಾ ಸ್ಥಾವರದಿಂದ ಸಮುದ್ರಕ್ಕೆ ಬಿಡುವ ನೀರು. 2023ರ ಆಗಸ್ಟ್ 24ರಿಂದ ಬಿಡುತ್ತಿದ್ದಾರೆ, ಟ್ರಿಟಿಯಂ (ರೇಡಿಯೇಷನ್ ಸೂಸುವ ಒಂದು ಬಗೆಯ ಹೈಡ್ರೋಜನ್) ಲೀಟರಿಗೆ 1,500 ಬೆಕರೆಲ್‌ಗಿಂತ ಕಡಿಮೆ ಆಗುವಷ್ಟು ಸಮುದ್ರದ ನೀರು ಬೆರೆಸಿ. ಕುಡಿಯುವ ನೀರಿಗೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ 10,000. ಬೆಕರೆಲ್ ಅಂದರೆ ಸೆಕೆಂಡಿಗೆ ಒಂದು ಅಣು ಒಡೆಯುವುದು, ಚಿಲ್ಲರೆ ಲೆಕ್ಕ, ಅದಕ್ಕೇ ಸೊನ್ನೆ ಜಾಸ್ತಿ ಕಾಣುತ್ತದೆ. ನಿಮ್ಮ ಬಂಗುಡೆ ಹಿಡಿಯುವುದು ಅರಬ್ಬೀ ಸಮುದ್ರದಲ್ಲಿ!

ಕಾರ್ಕಳ ಕಡೆಯವ:
ಸರ್, ಲೆಕ್ಕ ಸರಿ. ಆದರೆ ಅಮ್ಮನವರ ಅನುಮಾನ ಪೂರ್ತಿ ಪೆದ್ದುತನ ಅಲ್ಲ. 1986ರ ಏಪ್ರಿಲ್ 26ಕ್ಕೆ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ. ಲೋಕಕ್ಕೆ ಸುಳಿವು ಸಿಕ್ಕಿದ್ದು 28ಕ್ಕೆ, ಸ್ವೀಡನ್ನಿನ ಅಣುಸ್ಥಾವರದಲ್ಲಿ ಒಬ್ಬ ಕೆಲಸಗಾರನ ಶೂಗೆ ಅಂಟಿದ ರೇಡಿಯೇಷನ್‌ಗೆ ಅಲಾರಂ ಹೊಡೆದಾಗ. ಮಾಸ್ಕೋ ಬಾಯಿ ಬಿಟ್ಟಿದ್ದು ಅವತ್ತು ಸಂಜೆ. ಅಷ್ಟರಲ್ಲಿ ಚೆರ್ನೋಬಿಲ್ ಕಡೆಯ ಮಕ್ಕಳು ರೇಡಿಯೇಷನ್ ಸೂಸುವ ಅಯೋಡಿನ್-131 ಬೆರೆತ ಹಾಲು ಕುಡಿದಾಗಿತ್ತು, ಆಮೇಲೆ ಎಷ್ಟೋ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್. ಇಲ್ಲೇ ಕೈಗಾದಲ್ಲಿ 2009ರಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ನೌಕರರ ಮೈ ಸೇರಿತ್ತು. "ಎಲ್ಲಾ ಸೇಫ್" ಅಂತ ಒಂದೇ ಸಾಲಿನಲ್ಲಿ ಬಾಯಿ ಮುಚ್ಚಿಸಿದರೆ ಜನ ಫಾರ್ವರ್ಡನ್ನೇ ನಂಬುತ್ತಾರೆ.

ದಕ್ಕೆ ಗೆಳೆಯ:
ಒಪ್ಪಿದೆ. ಆದರೆ ಹೆದರಿಕೆಯೂ ಸುಮ್ನೆ ಬಿಡುವುದಿಲ್ಲ. ಫುಕುಶಿಮಾದಲ್ಲಿ ಆಸ್ಪತ್ರೆ, ವೃದ್ಧಾಶ್ರಮಗಳಿಂದ ಗಡಿಬಿಡಿಯಲ್ಲಿ ಸಾಗಿಸಿದ ಎಷ್ಟೋ ಮುದುಕರು ಆ ತಿರುಗಾಟಕ್ಕೇ ಸತ್ತರು. ಫಿಲಿಪೀನ್ಸ್‌ನಲ್ಲಿ ಬಿಬಿಸಿ ಹೆಸರಿನ ಸುಳ್ಳು ಎಸ್ಸೆಮ್ಮೆಸ್ಸು, ಕುತ್ತಿಗೆಗೆ ಬೆಟಡಿನ್ ಹಚ್ಚಿ ಅಂತ. ಚೀನಾದಲ್ಲಿ ಜನ ಅಂಗಡಿಯ ಉಪ್ಪು ಖಾಲಿ ಮಾಡಿದರು. ನಿಮ್ಮ ಅಮ್ಮನ ಹಾಗೆಯೇ!

ಸುರತ್ಕಲ್‌ನವ:
ಪೂರ್ತಿ ಮ್ಯಾಪ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಆ ಸೆಂಟಿಮೀಟರ್ ಪಟ್ಟಿಯನ್ನು ಎರಡು ಸಲ ಓದಿದರು. ಕಾರ್ಕಳದವರು ಹೇಳಿದ ಹಾಲಿನ ವಿಷಯವನ್ನೂ ಮುಚ್ಚಿಡದೆ ಹೇಳಿದೆ, ವಿಚಿತ್ರ ಅಂದರೆ ಅದಾದ ಮೇಲೆಯೇ ನನ್ನ ಮಾತು ಕೇಳಿದ್ದು. ಇವತ್ತು ಪುಳಿಮುಂಚಿ ಆಗಿದೆ. ಆರು ಕೆಜಿ ಉಪ್ಪಿಗೆ ಮಾವಿನಕಾಯಿ ಹಾಕಿಡುತ್ತಾರಂತೆ, ದೊಡ್ಡಮ್ಮನಿಗೂ ಒಂದು ಭರಣಿ.